ಸೋಮವಾರದ ಕುಡುಕ

"ಬಲಗಾಲು ಒಳಗೇ ಹೋಗ್ತಿಲ್ಲ ಕಣೇ," ಎಂದು ದೊಮಿತಿಲಾ ಶವಪೆಟ್ಟಿಗೆಯ ಮೇಲೆ ಬಾಗಿಕೊಂಡೇ ಏದುಸಿರು ಬಿಟ್ಟಳು. ಅವಳ ಒಂದು ಕೈಯಲ್ಲಿ ಅಣ್ಣನ ಹಿಮ್ಮಡಿ, ಇನ್ನೊಂದರಲ್ಲಿ ಪಾಲಿಶ್ ಹಚ್ಚಿದ ಕರಿ ಬೂಟು. "ಹಾಗೇ ನೋಡ್ತಾ ನಿಂತ್ಕೊಂಡ್ಯಲ್ಲ ಡೆಲ್ಫಿನಾ. ಬೆಳಗ್ಗೆಯಿಂದ ಸಾಯಂಕಾಲದ ತನಕ ಕಂಡಕಂಡವರ ಕಾಲಿಗೆ ಬೂಟು ತೊಡಿಸ್ತೀಯ. ಹೆತ್ತಪ್ಪನ ಒಂದು ಕಾಲು ನಿಂಗೆ ಭಾರ ಆಯ್ತಾ?"

"ಅಲ್ಲಿ ಸಂಬಳ ಕೊಡ್ತಾರೆ ಅತ್ತೆ," ಎಂದಳು ಡೆಲ್ಫಿನಾ.

ಹೆಗಲ ಮೇಲಿನ ಚೀಲವನ್ನು ಅವಳಿನ್ನೂ ಇಳಿಸಿರಲಿಲ್ಲ. ಬಸ್ ನಿಲ್ದಾಣದ ಪಕ್ಕದ ಬೂಟಿನ ಅಂಗಡಿಯಲ್ಲಿ ಅರ್ಧ ದಿನದ ರಜೆ ಕೇಳಿ ಬಂದಿದ್ದಳು. ಆಸ್ಪತ್ರೆಯ ಕಾಗದಕ್ಕೆ ಒಂದು, ಸ್ಮಶಾನದ ಕಾಗದಕ್ಕೆ ಒಂದು, ಎರಡು ಸಹಿ ಹಾಕುವುದು, ಹನ್ನೊಂದು ಗಂಟೆಗೆ ಹೊರಟುಬಿಡುವುದು. ಹೆಣ ಹೊರಡುವುದು ಹನ್ನೆರಡಕ್ಕೆ. ಹದಿನೆಂಟು ವರ್ಷ ನೆಟ್ಟಗೆ ಮಾತಾಡಿಸದ ಅಪ್ಪನ ಹಿಂದೆ, ಅವನ ಕುಡುಕ ಗೆಳೆಯರ ಸಾಲಿನಲ್ಲಿ ಬೀದಿಯುದ್ದ ನಡೆಯುವುದಿಲ್ಲ ಎಂದು ಬಸ್ಸಿನಲ್ಲೇ ತೀರ್ಮಾನಿಸಿದ್ದಳು. ಅಳುವುದಿಲ್ಲ ಎಂದೂ ತೀರ್ಮಾನಿಸಿದ್ದಳು, ಆದರೆ ಅದಕ್ಕೆ ಈವರೆಗೆ ಯಾವ ಕಷ್ಟವೂ ಆಗಿರಲಿಲ್ಲ.

ಲೆಯೋನ್ ಪಟ್ಟಣದ ಈ ಕೇರಿಯಲ್ಲಿ ಮೂರು ಮನೆಗೊಂದು ಬೂಟಿನ ಕಾರ್ಖಾನೆ. ಇಲ್ಲಿಯವರು ತಮ್ಮವರನ್ನು ಬರಿಗಾಲಿನಲ್ಲಿ ಮಣ್ಣಿಗೆ ಕಳಿಸುವುದಿಲ್ಲ. ಜೀವಮಾನವಿಡೀ ಊರಿಗೆಲ್ಲ ಬೂಟು ಮಾಡಿದವನು ಬರಿಗಾಲಲ್ಲಿ ಹೋಗಿ ನಿಂತರೆ ಮೇಲಿರುವವರು ಏನೆಂದುಕೊಂಡಾರು? ಆದ್ದರಿಂದ ದೊಮಿತಿಲಾ ಬಿಡುವಂತಿರಲಿಲ್ಲ. ಎಡಗಾಲು ಹೇಗೋ ಆಯಿತು. ಬಲಗಾಲು ಊದಿ ಕಪ್ಪಾಗಿ, ಬಟ್ಟೆ ಸುತ್ತಿಕೊಂಡು, ಯಾರ ಮಾತನ್ನೂ ಕೇಳದೆ ಬಿದ್ದಿತ್ತು.

ಆ ಕಾಲೇ ಅವಳಪ್ಪ ಮೆಲಿತೋನನನ್ನು ಕೊಂದದ್ದು. ತನ್ನ ಬೂಟಿನ ಹಿಮ್ಮಡಿಗೆ ತಾನೇ ಮೊಳೆ ಹೊಡೆದುಕೊಂಡಿದ್ದ. ಅದರಲ್ಲೊಂದು ಅಟ್ಟೆ ದಾಟಿ ಒಳಗೆ ಬಂದಿತ್ತು. ಅದನ್ನು ಕಾಲಲ್ಲಿಟ್ಟುಕೊಂಡು ಮೂರು ದಿನ ನಡೆದನಂತೆ. ನಾಲ್ಕನೆಯ ದಿನ ಜ್ವರ ಬಂತು, ಎಂಟನೆಯ ದಿನ ನಂಜು ರಕ್ತಕ್ಕೇರಿತು, ನಿನ್ನೆ ಭಾನುವಾರ ಬೆಳಗ್ಗೆ ಎಲ್ಲ ಮುಗಿಯಿತು. ವಯಸ್ಸು ಅರವತ್ತೆರಡು.

"ಮೂರು ದಿನ!" ಎಂದು ಅಂಗಳದಿಂದ ಲಿಬ್ರಾದೋನ ದನಿ ಬಂತು. ಎರಡು ಮಕ್ಕಳ ತಂದೆ, ಕಾರ್ಖಾನೆಯಲ್ಲಿ ಅಂಟು ಬಳಿಯುವ ಕೆಲಸ. ಸಾವಿನ ಮನೆಯಲ್ಲೂ ನಗಿಸದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. "ಮೊಳೆ ಚುಚ್ಚಿದ್ದೂ ಗೊತ್ತಾಗ್ಲಿಲ್ಲ ಅಂದ್ರೆ ಒಳಗೆ ಎಷ್ಟು ಇಳಿಸಿರ್ಬೇಕು! ನಾವೆಲ್ಲ ಇನ್ನೂ ಒಂದನೇ ಕ್ಲಾಸು, ದೋನ್ ಮೆಲಿತೋನ್ ಯಜಮಾನ್ರು ಡಿಗ್ರಿ ಮುಗಿಸಿದ್ರು."

"ಲೆಕ್ಕ ನೋಡೋ," ಎಂದ ಇನ್ನೊಬ್ಬ. "ಭಾನುವಾರ ಪ್ರಾಣ, ಸೋಮವಾರ ಮಣ್ಣು. ಒಬ್ಬನೂ ರಜೆ ಹಾಕೋದೇ ಬೇಡ. ಸಂತನ ದಿನಾನೇ ಆರಿಸ್ಕೊಂಡಿದಾನೆ ಭಕ್ತ."

ಆ ಸಂತ ಯಾವ ಚರ್ಚಿನಲ್ಲೂ ಇಲ್ಲ. ಅವನ ಹೆಸರು ಸಂತ ಸೋಮವಾರ. ಶನಿವಾರ ಸಂಬಳ, ಭಾನುವಾರ ಕುಡಿತ, ಸೋಮವಾರ ತಲೆಭಾರ. ಬೂಟಿನ ಕೆಲಸದವರು ಆ ದಿನ ಕಾರ್ಖಾನೆಯ ಕಡೆ ತಲೆಯಿಟ್ಟೂ ಮಲಗುವುದಿಲ್ಲ, ಯಾವ ಮೇಸ್ತ್ರಿಯೂ ಯಾಕೆಂದು ಕೇಳುವುದಿಲ್ಲ. ಅಜ್ಜಂದಿರ ಕಾಲದಿಂದ ಹೀಗೆಯೇ. ವಿಗ್ರಹವಿಲ್ಲ, ಪಾದ್ರಿಯಿಲ್ಲ, ಆದರೂ ಭಕ್ತರಿಗೆ ಒಂದು ದಿನವೂ ಬರ ಬಂದಿಲ್ಲ.

ಗಂಡಸರ ನಗು ಕೇಳಿ ಡೆಲ್ಫಿನಾ ಹಲ್ಲು ಕಚ್ಚಿದಳು. ಅಪ್ಪ ಕುಡಿದೇ ಸತ್ತ ಎಂಬುದರಲ್ಲಿ ಅವಳಿಗೂ ಅನುಮಾನವಿರಲಿಲ್ಲ.

*

ಹುಡುಗಿಗೆ ಹದಿನೈದು ತುಂಬಿದರೆ ಈ ಊರಿನಲ್ಲಿ ಹಬ್ಬ. ಅಪ್ಪ ಅವಳನ್ನು ಕುರ್ಚಿಯ ಮೇಲೆ ಕೂರಿಸುತ್ತಾನೆ. ಎಲ್ಲರೆದುರು ಮಂಡಿಯೂರಿ ಅವಳ ಚಪ್ಪಟೆ ಚಪ್ಪಲಿ ಕಳಚಿ, ಎತ್ತರದ ಹಿಮ್ಮಡಿಯ ಬೂಟು ತೊಡಿಸುತ್ತಾನೆ. ಆಮೇಲೆ ಅಪ್ಪ ಮಗಳು ಕುಣಿಯುತ್ತಾರೆ. ಬೇರೆ ಹುಡುಗಿಯರಿಗೆ ಅಂಗಡಿಯ ಬೂಟು. ಡೆಲ್ಫಿನಾಳದು ಅಪ್ಪನೇ ಮಾಡಿದ ಬಿಳಿ ಬೂಟು, ಪಾದದ ಮೇಲೊಂದು ತೆಳು ಪಟ್ಟಿ, ಅದಕ್ಕೆ ಕಿರುಬೆರಳಿನ ಉಗುರಿನಷ್ಟೇ ದೊಡ್ಡ ಬೆಳ್ಳಿ ಬಣ್ಣದ ಬಕಲ್. ಒಂದು ವರ್ಷ ಮೊದಲೇ, ಕೈ ಸರಿಯಿದ್ದ ಕಾಲದಲ್ಲಿ, ಮಾಡಿಟ್ಟಿದ್ದ. ಅವಳು ಗೆಳತಿಯರಿಗೆಲ್ಲ ಹೇಳಿಕೊಂಡು ಮೆರೆದಿದ್ದಳು.

ಆ ಹಬ್ಬದ ಹೊತ್ತಿಗೆ ಮೆಲಿತೋನನಿಗೆ ಕೆಲಸವಿರಲಿಲ್ಲ. ಆರು ವಾರದಿಂದ ಮನೆಯಲ್ಲಿದ್ದ. ಮೆಟ್ಟಿಲು ಎಡವುತ್ತಿದ್ದ, ತಟ್ಟೆ ಬೀಳಿಸುತ್ತಿದ್ದ. ಕುಡಿದು ಕೆಲಸ ಕಳಕೊಂಡ ಎಂದು ಕೇರಿ ಗುಸುಗುಸು ಎನ್ನುತ್ತಿತ್ತು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅಂದು ಸಭಾಂಗಣದ ಆ ತುದಿಯಿಂದ ಅವನು ನೀರಿನಲ್ಲಿ ನಡೆಯುವವನ ಹಾಗೆ ಮಂಡಿ ಎತ್ತಿ ಎತ್ತಿ ಬಂದ. ಮಂಡಿಯೂರಿದ. ಚಪ್ಪಲಿ ಕಳಚಿದ, ಬೂಟು ತೊಡಿಸಿದ. ಪಟ್ಟಿಯನ್ನು ಬಕಲಿಗೆ ತೂರಿಸುವಷ್ಟರಲ್ಲಿ ಬೆರಳು ನಿಂತವು. ಒಂದು ಸಲ ಜಾರಿತು. ಎರಡನೆಯ ಸಲ ಜಾರಿತು. ವಾದ್ಯದವರು ಹಾಡಿನ ಮೊದಲ ಸಾಲನ್ನೇ ತಿರುಗಿಸಿ ತಿರುಗಿಸಿ ನುಡಿಸಿದರು. ಅವನ ಹಣೆಯ ಬೆವರು ಅವಳ ಬಿಳಿ ಲಂಗದ ಮೇಲೆ ಬಿತ್ತು. ಮೂರನೆಯ ಸಲ ಪಟ್ಟಿ ಎಳೆಯಲು ಹೋಗಿ ಆಯ ತಪ್ಪಿ ನೆಲಕ್ಕೆ ಕುಸಿದ, ಆಧಾರಕ್ಕೆಂದು ಹಿಡಿದ ಲಂಗದ ಅಂಚು ಪರ್ರೆಂದು ಹರಿಯಿತು.

"ಇವತ್ತೊಂದು ದಿನ ಆದ್ರೂ ಕುಡೀದೇ ಇರೋಕಾಗ್ಲಿಲ್ವಾ ಅಪ್ಪ?"

ಮೆಲ್ಲಗೇ ಹೇಳಿದ್ದಳು. ಹಾಡುಗಾರನ ಮೈಕು ಪಕ್ಕದಲ್ಲೇ ಇದ್ದದ್ದು ಅವಳಿಗೆ ಹೊಳೆದಿರಲಿಲ್ಲ. ಆ ಮಾತು ನೂರೈವತ್ತು ಜನರ ಕಿವಿಗೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಇವತ್ತು ಶನಿವಾರ ಕಣೋ ಮೆಲಿತೋನ್, ಸೋಮವಾರ ಅಲ್ಲ!"

ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಅವನು ನೆಲದಲ್ಲಿ ಕೂತು ಮಗಳ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ. ಸುತ್ತಲೂ ನೋಡಿ ತಾನೂ ನಕ್ಕುಬಿಟ್ಟ.

"ತಪ್ಪಾಯ್ತು ಮಗಳೇ," ಎಂದ.

ಅವಳು ಬಿಳಿ ಬೂಟನ್ನು ಅಲ್ಲೇ ಒದ್ದು, ಹಳೆ ಚಪ್ಪಲಿಯಲ್ಲಿ ಸೋದರಮಾವನ ಜೊತೆ ಕುಣಿದಳು.

*

"ಸಿಕ್ತು!" ಎಂದು ದೊಮಿತಿಲಾ ಕೂಗಿದಳು. ಬೂಟನ್ನು ಪಕ್ಕಕ್ಕಿಟ್ಟು, ಬಂದವರಿಗೆ ಕೊಡಲು ಏನಾದರೂ ಇದೆಯೇ ಎಂದು ಗೋಡೆಯ ಗೂಡಿನಲ್ಲಿ ಹುಡುಕಿದ್ದಳು. ದೇವಮಾತೆಯ ಪಟದ ಹಿಂದೆ ತೆಕಿಲಾ ಬಾಟಲಿಯೊಂದಿತ್ತು. "ದಾಲ್ಚಿನ್ನಿ ಕಾಫಿ ಕುಡಿದೂ ಕುಡಿದೂ ಸಾಕಾಗಿದೆ ಇವ್ರಿಗೆ. ಅವನದನ್ನೇ ಅವನ ಹೆಸರಲ್ಲಿ ಕುಡೀಲಿ."

ಅಂಗಳದಲ್ಲಿ ಬಾಟಲಿಗೆ ಸಿಕ್ಕ ಸ್ವಾಗತ ಪಾದ್ರಿಗೂ ಸಿಕ್ಕಿರಲಿಲ್ಲ. ಲಿಬ್ರಾದೋ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಮುಕ್ಕಾಲು ತುಂಬಿದೆ! ಮೆಲಿತೋನ್ ಮನೇಲಿ ಖಾಲಿಯಾಗದ ಬಾಟಲಿ! ಪಾದ್ರಿಗಳನ್ನ ಕರೀರಪ್ಪ, ಇದು ಪವಾಡ."

ಕಾರ್ಖಾನೆಯ ಮೇಸ್ತ್ರಿ ತಾದೆಯೋ ಕೂಡ ನಕ್ಕ. ಹೂಚಕ್ರ ತಂದು ಗೋಡೆಗಾನಿಸಿ, ಇದ್ದುದರಲ್ಲಿ ಒಳ್ಳೆಯ ಕುರ್ಚಿ ಹಿಡಿದು ಕೂತಿದ್ದ. ನಗದೆ ಇದ್ದವನು ಒಬ್ಬನೇ, ನಬೋರ್. ಮೆಲಿತೋನನ ಜೊತೆ ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ದುಡಿದವನು. ಅವನು ಕೋಲೂರಿ ಎದ್ದು, ಬಾಟಲಿಗೆ ಕೈ ಚಾಚಿ, "ತಡಿ, ಅದನ್ನ ತೆಗೀಬೇಡ," ಎಂದ. ಅಷ್ಟರಲ್ಲಿ ಬಿರಡೆ ಬಿಚ್ಚಿಯಾಗಿತ್ತು.

"ನಬೋರಪ್ಪನಿಗೆ ಮೊದಲ ಗ್ಲಾಸ್ ಬೇಕಂತೆ," ಎಂದು ಲಿಬ್ರಾದೋ ಸುರಿಯತೊಡಗಿದ.

ನಬೋರ್ ತಿರುಗಿ ಮನೆಯೊಳಕ್ಕೆ ಬಂದ. ಅವನ ಪಾದ ಪ್ರತಿ ಹೆಜ್ಜೆಗೂ ನೆಲಕ್ಕೆ ಪಟ್ಟೆಂದು ಬಡಿಯುತ್ತಿತ್ತು. ಇವನೂ ಬೆಳಗ್ಗೆಯೇ ಏರಿಸಿದ್ದಾನೆ ಎಂದುಕೊಂಡಳು ಡೆಲ್ಫಿನಾ.

"ಹಿಂದಿನ ಕೋಣೆಗೆ ಬಾ ಮಗಳೇ. ಎರಡು ಮಾತಿದೆ."

"ಹನ್ನೊಂದಕ್ಕೆ ಹೊರಡ್ಬೇಕು ಮಾಮ."

"ಹನ್ನೊಂದಕ್ಕಿನ್ನೂ ಹೊತ್ತಿದೆ."

ಪಟ್, ಪಟ್ ಎಂದು ಅವನು ಮುಂದೆ ಹೋದ. ಆ ಸದ್ದನ್ನು ಅವಳು ಹಿಂದೆಯೂ ಕೇಳಿದ್ದಳು.

*

ಹತ್ತೊಂಬತ್ತು ವರ್ಷದವಳಿದ್ದಾಗ ಒಂದು ಸೋಮವಾರ, ಅಮ್ಮನಿಗೆ ಹುಷಾರಿಲ್ಲವೆಂದು ಅಪ್ಪನನ್ನು ಕರೆತರಲು ಹೆಂಡದಂಗಡಿಗೆ ಹೋಗಿದ್ದಳು. ಬಾಗಿಲಲ್ಲೇ ನಿಂತು ನೋಡಿದಳು. ಎಲ್ಲ ಮೇಜುಗಳಲ್ಲೂ ನಾಲ್ಕೈದು ಜನ. ಅಪ್ಪ ಮಾತ್ರ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಎದುರಿಗೆ ಬಿಯರಿನ ಗ್ಲಾಸು ಅಂಚಿನ ತನಕ ತುಂಬಿತ್ತು. ನೊರೆ ಆರಿಹೋಗಿ, ನೊಣವೊಂದು ತೇಲುತ್ತಿತ್ತು. ಅವನ ಎರಡೂ ಕೈ ಮೇಜಿನ ಕೆಳಗಿದ್ದವು.

"ಅಮ್ಮ ಕರೀತಿದಾಳೆ," ಎಂದಳು.

ಅವನು ಎದ್ದ. ಮೇಸ್ತ್ರಿ ತಾದೆಯೋ ಕೂತಿದ್ದ ಕಡೆ ಒಮ್ಮೆ ನೋಡಿದ. ಆಮೇಲೆ ಹೆಜ್ಜೆ ಇಡುವುದಕ್ಕೆ ಮೊದಲೇ ಪಕ್ಕದ ಕುರ್ಚಿಯನ್ನು ದಡಾರನೆ ಬೀಳಿಸಿದ. ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕ.

ಅವಳು ಹತ್ತು ಹೆಜ್ಜೆ ಮುಂದೆ ನಡೆದಳು. ಮನೆ ಸೇರುವ ತನಕ ಹಿಂದಿನಿಂದ ಪಟ್, ಪಟ್ ಎಂದು ಪಾದ ಬಡಿಯುವ ಸದ್ದು ಬರುತ್ತಲೇ ಇತ್ತು. ಒಮ್ಮೆಯೂ ತಿರುಗಿ ನೋಡಲಿಲ್ಲ. ಮೂರು ವರ್ಷದ ಮೇಲೆ ಮದುವೆಯಾದಾಗ ಅವನನ್ನು ಕರೆಯಲೂ ಇಲ್ಲ.

*

ಹಿಂದಿನ ಕೋಣೆಯಲ್ಲಿ ಮೆಲಿತೋನನ ಬೆಂಚು, ಗೋಡೆಯುದ್ದಕ್ಕೂ ಮರದ ಕಾಲಚ್ಚುಗಳು, ಬಾಯಿ ಮುಚ್ಚಿದ ಹಳದಿ ಅಂಟಿನ ಡಬ್ಬಿ ಇದ್ದವು. ಬ್ರಷ್ಷಿನ ಹಿಡಿಗೆ ಅಗಲವಾದ ರಬ್ಬರ್ ಪಟ್ಟಿ ಸುತ್ತಿತ್ತು. ಕೈಗೆ ಕಟ್ಟಿಕೊಳ್ಳಲು. ಕುಡುಕನ ಕೈ ನಡುಗುತ್ತದೆಂದು ಕಟ್ಟಿಕೊಳ್ಳುತ್ತಾನೆ ಎಂದು ಮನೆಯವರೆಲ್ಲ ತಿಳಿದಿದ್ದರು.

ನಬೋರ್ ಬೆಂಚಿನ ಮೇಲೆ ಕೂತ. "ಆ ಬಾಟಲಿ ತಂದುಕೊಟ್ಟೋನು ನಾನು. ನಿನ್ನ ಹಬ್ಬ ಆಯ್ತಲ್ಲ, ಅದರ ಮಾರನೇ ದಿನ."

"ಯಾವ ಬಾಟಲಿ?"

"ಈಗ ಹೊರಗೆ ಖಾಲಿಯಾಗ್ತಿದೆಯಲ್ಲ, ಅದೇ. ಹದಿನೆಂಟು ವರ್ಷಕ್ಕೆ ನಾಲ್ಕು ಬೆರಳು ಇಳಿದಿತ್ತು. ಮೀಸೆಗೆ ಎರಡು ತೊಟ್ಟು, ಕಾಲರಿಗೆ ಎರಡು ತೊಟ್ಟು. ವಾರಕ್ಕೊಂದು ಸಲ. ಅಷ್ಟೇ ಅವನ ಕುಡಿತ."

ಡೆಲ್ಫಿನಾ ನಕ್ಕಳು. ನಗು ಸರಿಯಾಗಿ ಬರಲಿಲ್ಲ. "ಸತ್ತವರ ಬಗ್ಗೆ ಒಳ್ಳೇದು ಮಾತಾಡ್ಬೇಕು ಅಂತ ಇಷ್ಟು ದೊಡ್ಡ ಸುಳ್ಳಾ ಮಾಮ?"

"ಕುಡಿಯೋಕೆ ಗ್ಲಾಸು ಹಿಡೀಬೇಕಲ್ಲಮ್ಮ. ಅವನ ಕೈಗೆ ಗ್ಲಾಸು ಸಿಕ್ತಿರ್ಲಿಲ್ಲ." ನಬೋರ್ ತನ್ನ ಎರಡೂ ಕೈಗಳನ್ನು ಅವಳ ಮುಂದೆ ಹಿಡಿದ. ಹೆಬ್ಬೆರಳಿನ ಬುಡದ ಮಾಂಸ ಕರಗಿ ಹಳ್ಳ ಬಿದ್ದಿತ್ತು. "ಇದೇ ಅವನಿಗಿದ್ದದ್ದು. ನಮ್ಮ ಈ ಹಳದಿ ಅಂಟು ಇದೆಯಲ್ಲ, ಅದನ್ನ ತೆಳ್ಳಗೆ ಮಾಡೋಕೆ ಏನೋ ಹೆಕ್ಸೇನ್ ಅಂತ ಹಾಕ್ತಾರಂತೆ. ಉಸಿರಲ್ಲಿ ಹೋಗಿ ನರಕ್ಕೆ ಹಿಡಿಯುತ್ತೆ. ಬೆನ್ನಿಂದ ಕಾಲ್ಬೆರಳ ತನಕ ನರ ಒಂದೇ ಎಳೆ ಅಂತೆ, ನಮ್ಮ ಹೊಲಿಗೆ ದಾರದ ಹಾಗೆ. ತುದಿಗೆ ಬೇಕಾದ ಅನ್ನ ಮೇಲಿಂದಾನೇ ಹೋಗ್ಬೇಕು. ಈ ವಿಷ ಮಧ್ಯೆ ಮಧ್ಯೆ ಗಂಟು ಹಾಕುತ್ತೆ. ಅನ್ನ ಇಲ್ದೆ ತುದಿಯಿಂದ ಸಾಯ್ತಾ ಬರುತ್ತೆ. ಉದ್ದದ ಎಳೆ ಮೊದಲು ಸಾಯೋದು. ಅದಕ್ಕೇ ಮೊದಲು ಕಾಲು, ಆಮೇಲೆ ಕೈ."

"ಅದಕ್ಕೇ ಮೊಳೆ..."

"ಹ್ಞೂಂ. ಅವನಿಗೆ ನೆಲಾನೇ ಗೊತ್ತಾಗ್ತಿರ್ಲಿಲ್ಲ. ಮೊಳೆ ಎಲ್ಲಿಂದ ಗೊತ್ತಾಗ್ಬೇಕು?"

ಹೊರಗೆ ಯಾರೋ ಮೆಲಿತೋನನ ಹೆಸರು ಹೇಳಿ ಗ್ಲಾಸು ಎತ್ತಿದರು. ನಬೋರ್ ದನಿ ತಗ್ಗಿಸಿದ.

"ಡಾಕ್ಟರು ಅವನಿಗೆ ಸೂಜಿ ಚುಚ್ಚಿ ನೋಡಿ, ಅಂಟು ಬಿಡು ಅಂದ್ರು. ಬಿಟ್ಟ. ನಿನ್ನ ಹಬ್ಬಕ್ಕೆ ಆರು ವಾರ ಮೊದ್ಲು ಬಿಟ್ಟ. ಬಿಟ್ಟ ಮೇಲೆ ಕಡಿಮೆ ಆಗ್ಬೇಕಿತ್ತು ತಾನೆ? ಜಾಸ್ತಿ ಆಯ್ತು. ಕೈಗೂ ಬಂತು. ನಾನು ಹೇಳ್ದೆ, ನೋಡು, ಇದು ಅಂಟಿಂದಲ್ಲ, ಆ ಡಾಕ್ಟರಿಗೆ ತಲೆ ಇಲ್ಲ, ಸುಮ್ನೆ ಮನೇಲಿ ಕೂತು ಯಾಕೆ ಸಾಯ್ತೀಯ, ವಾಪಸ್ ಬಾ ಅಂತ. ನಾನೇ ಹೇಳ್ದೆ." ಅವನು ಕೋಲಿನ ತುದಿಯಿಂದ ನೆಲ ಗೀರಿದ. "ಹೋದ ವರ್ಷ ನನ್ನ ಕಾಲಿಗೆ ಅಂತ ಬೇರೆ ಡಾಕ್ಟರ ಹತ್ರ ಹೋಗಿದ್ದೆ. ಅವರು ಹೇಳಿದ್ರು, ಬಿಟ್ಟ ಮೇಲೂ ಎರಡು ಮೂರು ತಿಂಗಳು ಹೆಚ್ಚಾಗ್ತಾನೇ ಹೋಗುತ್ತೆ, ಹೆದರ್ಬೇಡ, ಆಮೇಲೆ ನಿಧಾನಕ್ಕೆ ಚಿಗುರುತ್ತೆ ಅಂತ. ಇನ್ನೊಂದೆರಡು ತಿಂಗಳು ತಡೆದಿದ್ರೆ ಸಾಕಿತ್ತು ಮಗಳೇ. ಬಕಲ್ ಹಾಕೋ ಬೆರಳು ಅವನಿಗೆ ವಾಪಸ್ ಬರ್ತಿತ್ತು."

ಡೆಲ್ಫಿನಾ ಚೀಲ ಕೆಳಗಿಟ್ಟಳು. "ಕುಡುಕ ಅಂತ ಯಾಕೆ ಅನ್ನಿಸ್ಕೊಂಡ?"

"ಕೈ ಸತ್ತೋನಿಗೆ ಯಾವ ಮೇಸ್ತ್ರಿ ಕೆಲಸ ಕೊಡ್ತಾನೆ? ಕುಡುಕನಿಗಾದ್ರೆ ಕೊಡ್ತಾರೆ. ಸೋಮವಾರ ಬಿದ್ದೋನು ಮಂಗಳವಾರ ಏಳ್ತಾನೆ ಅಂತ ಎಲ್ರಿಗೂ ಗೊತ್ತು. ಐದು ವರ್ಷ ಅಂಟಿನ ಬೆಂಚಲ್ಲಿ ಹಾಗೇ ತಳ್ಳಿದ. ಆಮೇಲೆ ತಾದೆಯೋ ಬೈದು, ಈ ಕುಡುಕ ಡಬ್ಬಕ್ಕೆ ಬೂಟು ತುಂಬ್ಲಿ ಅಂತ ಹಾಕಿದ. ಸಾಯೋ ತನಕ ಅದೇ ಕೆಲಸ. ಆ ಉಪಾಯ ನಂಗೆ ಹೊಳೆದದ್ದು ನಿನ್ನ ಹಬ್ಬದಲ್ಲೇ. ನೀನು ಅಂದ್ಯಲ್ಲ, ಇವತ್ತೊಂದು ದಿನ ಆದ್ರೂ ಅಂತ. ಇಡೀ ಸಭೆ ನಂಬಿತು. ಮಾರನೇ ದಿನ ಬಾಟಲಿ ತಗೊಂಡು ಬಂದೆ. ಅವನೂ ಅದನ್ನೇ ಯೋಚಿಸ್ತಾ ಕೂತಿದ್ದ."

"ನಾನು ಹೇಳಿದ ಮಾತು," ಎಂದಳು ಡೆಲ್ಫಿನಾ.

"ನೀನು ಹೇಳಿದ ಮಾತೇ ಅವನಿಗೆ ಹದಿನೆಂಟು ವರ್ಷ ಅನ್ನ ಹಾಕ್ತು. ನಿನ್ನನ್ನ ಬೈತಿಲ್ಲಮ್ಮ ನಾನು. ಅವನೂ ಬೈದಿಲ್ಲ."

ಅಳುವುದಿಲ್ಲ ಎಂಬ ತೀರ್ಮಾನ ಈಗ ಕಷ್ಟವಾಯಿತು. ಸಂಬಳದ ಲಕೋಟೆ ಪ್ರತಿ ವಾರ ಬಿಚ್ಚದೆ ಅಮ್ಮನ ಕೈಗೆ ಬರುತ್ತಿತ್ತು. ಇವನಿಗೆ ಕುಡಿಸುವ ಪುಣ್ಯಾತ್ಮ ಯಾರೋ ಎಂದು ಅಮ್ಮ ಸಾಯುವ ತನಕ ಶಪಿಸಿದ್ದಳು. ಮನೆಯಲ್ಲಿದ್ದ ಇಬ್ಬರು ಹೆಂಗಸರಿಗೂ ಆ ಲೆಕ್ಕ ಹತ್ತಿರಲಿಲ್ಲ. ಆ ಗ್ಲಾಸು, ಆ ನೊಣ, ಮೊದಲೇ ಬಿದ್ದ ಆ ಕುರ್ಚಿ ಎಲ್ಲ ಡೆಲ್ಫಿನಾಳ ಕಣ್ಣೆದುರು ಬಂದು ನಿಂತವು.

"ನಂಗೊಬ್ಬಳಿಗೆ ಹೇಳ್ಬಹುದಿತ್ತು."

"ನಾನೂ ಅದನ್ನೇ ಅಂದೆ. ಬೇಡ ಅಂದ. ಕುಡುಕ ಅಪ್ಪ ಅಂದ್ರೆ ಹುಡುಗಿ ಸಿಟ್ಟಾಗ್ತಾಳೆ, ಓದ್ತಾಳೆ, ಮನೆ ಬಿಟ್ಟು ಹೋಗ್ತಾಳೆ. ಕೈ ಸತ್ತ ಅಪ್ಪ ಅಂದ್ರೆ ಸ್ಕೂಲ್ ಬಿಟ್ಟು ಹೊಲಿಗೆ ಮಷೀನಿಗೆ ಕೂತ್ಕೊತಾಳೆ. ಸಿಟ್ಟೇ ಇರ್ಲಿ ಬಿಡು ಅಂದ." ನಬೋರ್ ಕೋಲಿನಿಂದ ಮೇಲಿನ ಹಲಗೆ ತೋರಿಸಿದ. "ಆ ಬಿಳಿ ಡಬ್ಬ ಇಳಿಸು."

ಡಬ್ಬದಲ್ಲಿ ಅವಳ ಬೂಟಿದ್ದವು. ಹತ್ತಿ ಬಟ್ಟೆಯಲ್ಲಿ ಸುತ್ತಿದ್ದರಿಂದ ಬಿಳುಪು ಅಷ್ಟಾಗಿ ಮಾಸಿರಲಿಲ್ಲ. ಬಲಗಾಲಿನದರಲ್ಲಿ ಹಳೆಯ ಪುಟ್ಟ ಬಕಲ್ ಹಾಗೇ ಇತ್ತು. ಎಡಗಾಲಿನದರಲ್ಲಿ ಬಕಲ್ ಇದ್ದ ಜಾಗದಲ್ಲಿ ಹೊಲಿಗೆ ಬಿಚ್ಚಿದ ತೂತುಗಳು ಸಾಲು ಸಾಲಾಗಿದ್ದವು. ದೊಡ್ಡ ಬಕಲ್ ಹಾಕಿ ತೆಗೆದದ್ದು, ಕೊಕ್ಕೆ ಹಾಕಿ ತೆಗೆದದ್ದು, ಗುಂಡಿ ಹಾಕಿ ತೆಗೆದದ್ದು. ಕೊನೆಗೆ ಮೂರು ಬೆರಳಗಲದ ಪಟ್ಟಿ, ಒತ್ತಿದರೆ ಕೂರುವ ದೊಡ್ಡ ಪ್ರೆಸ್ ಬಟನ್. ಹೊಲಿಗೆ ಸೊಟ್ಟ. ಇಡೀ ಕೇರಿಯಲ್ಲೇ ನೇರ ಹೊಲಿಗೆಗೆ ಹೆಸರಾದವನು ಒಂದು ಕಾಲದಲ್ಲಿ ಅವನು.

"ನಿನ್ನ ಮದುವೆಗೆ ಅಂತ ಶುರು ಮಾಡಿದ್ದ. ಬೆರಳು ಬೇಡ, ಅಂಗೈ ಬುಡದಲ್ಲಿ ಒತ್ತಿದ್ರೆ ಸಾಕು ಅಂತ ನಂಗೆ ತೋರ್ಸಿದ್ದ. ಒಂದು ಮುಗೀತು. ಅಷ್ಟರಲ್ಲಿ ಮದುವೆ ಆಗಿಹೋಯ್ತು ಅಂತ ಯಾರೋ ಹೇಳಿದ್ರು."

ಅವಳು ಬೂಟನ್ನು ಎದೆಗೊತ್ತಿಕೊಂಡು ಅತ್ತಳು. ನಬೋರ್ ಗೋಡೆಯ ಕಾಲಚ್ಚುಗಳನ್ನು ನೋಡುತ್ತ ಕೂತ. ಕೊನೆಗೆ ಅವಳು ಕಣ್ಣೊರೆಸಿಕೊಂಡು, "ಏಳು ಮಾಮ. ಇದನ್ನೆಲ್ಲ ಹೊರಗೆ ಅವರ ಮುಂದೆ ಹೇಳು," ಎಂದಳು.

"ತಾದೆಯೋ ಕೂತಿದಾನೆ."

"ಕೂತಿರ್ಲಿ."

"ನಾನಿನ್ನೂ ಕೆಲಸದಲ್ಲಿದೀನಿ ಡೆಲ್ಫಿನಾ," ಎಂದ ನಬೋರ್. ಅವನ ಕಾಲರಿನಿಂದ ಎರಡು ತೊಟ್ಟಿನಷ್ಟು ಹೆಂಡದ ವಾಸನೆ ಬರುತ್ತಿತ್ತು.

*

ಅವಳೊಬ್ಬಳೇ ಅಂಗಳಕ್ಕೆ ಹೋದಳು.

"ನನ್ನಪ್ಪ ಕುಡೀತಿರ್ಲಿಲ್ಲ," ಎಂದಳು.

ಎಲ್ಲರೂ ಅವಳತ್ತ ತಿರುಗಿದರು. ಅತ್ತು ಕೆಂಪಾದ ಕಣ್ಣು ನೋಡಿ ಟೋಪಿ ತೆಗೆದರು.

"ಇಲ್ಲಮ್ಮ, ಎಲ್ಲಿ ಕುಡೀತಿದ್ರು," ಎಂದ ಒಬ್ಬ ಮೃದುವಾಗಿ.

"ಸುಮ್ನೆ ಹೇಳ್ತಿಲ್ಲ. ಅಂಟಿಂದ ನರ ಸತ್ತಿತ್ತು ಅವನಿಗೆ. ಕೈ ಕಾಲು ಬರ್ತಿರ್ಲಿಲ್ಲ. ಆ ಬಾಟಲಿ ಹದಿನೆಂಟು ವರ್ಷದ್ದು, ಬೇಕಾದ್ರೆ ನೋಡಿ."

ಬಾಟಲಿ ಮೇಜಿನ ಮೇಲೆ ಖಾಲಿ ನಿಂತಿತ್ತು. ಸಾಕ್ಷಿಯನ್ನು ಎಲ್ಲರೂ ಸೇರಿ ಕುಡಿದು ಮುಗಿಸಿದ್ದರು.

"ಮಗಳಲ್ವಾ, ಪಾಪ," ಎಂದ ಮೇಸ್ತ್ರಿ ತಾದೆಯೋ. "ಹೀಗೆ ಹೇಳೋ ಒಬ್ಳು ಮಗಳು ನಮಗೂ ಇದ್ರೆ ಸಾಕು. ದೋನ್ ಮೆಲಿತೋನನಿಗೆ, ಯಾವತ್ತೂ ಕುಡಿಯದೋನಿಗೆ!" ಎಂದು ಗ್ಲಾಸು ಎತ್ತಿದ. ನಬೋರ್ ಬಾಗಿಲಲ್ಲಿ ನಿಂತು ನೆಲ ನೋಡಿದ. ಅಷ್ಟು ಜನರ ಮಧ್ಯೆ ನಿಂತಿದ್ದರೂ ಅವಳಿಗೆ ಅಪ್ಪನ ಆ ಮೂಲೆಯ ಮೇಜಿನಲ್ಲಿ ತಾನು ಕೂತಂತಾಯಿತು.

ಎಲ್ಲರ ಗ್ಲಾಸೂ ಮೇಲೆ ಹೋದವು. ಲಿಬ್ರಾದೋನದು ಹೋಗಲಿಲ್ಲ. ಬೆರಳ ಸಂದಿನಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಚೂರಾಯಿತು.

"ಏರಿಬಿಡ್ತು ಇವನಿಗೆ ಆಗ್ಲೇ!" ಎಂದು ಅಂಗಳ ನಕ್ಕಿತು. ಲಿಬ್ರಾದೋನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಆದರೆ ಬೀಳುವಾಗ ಆ ಗ್ಲಾಸು ತುಂಬಿತ್ತು, ಅದರಲ್ಲಿ ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಡೆಲ್ಫಿನಾ ಅದನ್ನು ನೋಡಿದಳು. ಅವನು ನಗುತ್ತಲೇ ಕೈಯನ್ನು ಜೇಬಿಗೆ ತುರುಕಿದ್ದನ್ನೂ ನೋಡಿದಳು.

ಚರ್ಚಿನ ಗಂಟೆ ಹನ್ನೊಂದು ಹೊಡೆಯಿತು. ಅವಳು ಒಳಗೆ ಹೋಗಿ ಚೀಲದಿಂದ ಹಿಮ್ಮಡಿ ಜಾರಿಸಿ ಬೂಟು ತೊಡಿಸುವ ಲೋಹದ ಪಟ್ಟಿ ತೆಗೆದಳು.

"ಸರಿ ಅತ್ತೆ, ನಾನು ಹಾಕ್ತೀನಿ."

ಲೇಸು ಪೂರ್ತಿ ಬಿಚ್ಚಿದಳು, ಒಳಗಿನ ಅಟ್ಟೆ ಕಿತ್ತಳು, ಬೂಟಿನ ನಾಲಿಗೆಯನ್ನು ಹೊರಕ್ಕೆ ಮಡಿಸಿದಳು. ಊದಿದ ಕಾಲಿನ ಗಿರಾಕಿಗಳು ದಿನಕ್ಕೆ ಹತ್ತು ಜನ ಬರುತ್ತಾರೆ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, "ಸ್ವಲ್ಪ ಒತ್ತಿ," ಎಂದು ಬಾಯಿತಪ್ಪಿ ಅಂದುಬಿಟ್ಟಳು. ಕಾಲು ಒಳಗೆ ಹೋಯಿತು. ಲೇಸನ್ನು ಎರಡು ಗಂಟು ಹಾಕಿ ಕಟ್ಟಿದಳು.

ಆಮೇಲೆ ಬಿಳಿ ಡಬ್ಬ ತಂದು ಹಜಾರದ ಸ್ಟೂಲಿನ ಮೇಲೆ ಕೂತು ತನ್ನ ಕರಿ ಚಪ್ಪಲಿ ಬಿಚ್ಚಿದಳು. ಎಡಗಾಲಿಗೆ ಬಿಳಿ ಬೂಟು ಏರಿಸಿದಳು. ಬಿಗಿಯಾಯಿತು, ಆದರೂ ಹೋಯಿತು. ಬೆರಳುಗಳನ್ನೆಲ್ಲ ಮಡಚಿ, ಅಂಗೈಯ ಬುಡದಿಂದ ಪಟ್ಟಿಯನ್ನು ಒತ್ತಿದಳು. ಟಕ್ ಎಂದು ಕೂತಿತು. ಒಂದೇ ಸಲಕ್ಕೆ.

"ಲಿಬ್ರಾದೋ, ಇಲ್ಲಿ ಬಾ."

ಬಲಗಾಲಿಗೂ ಬಿಳಿ ಬೂಟು ಏರಿಸಿಕೊಂಡು ಬಂದವನೆದುರು ಚಾಚಿದಳು. "ಈ ಬಕಲ್ ಹಾಕು. ಬಗ್ಗೋಕಾಗ್ತಿಲ್ಲ."

ಅವನು ಹಲ್ಲು ಕಿರಿಯುತ್ತ ಮಂಡಿಯೂರಿದ. ಒಂದು ಸಲ ಜಾರಿತು. ಎರಡನೆಯ ಸಲ ಜಾರಿತು. ನಗು ಹೋಯಿತು. ಮೂರನೆಯ ಸಲಕ್ಕೆ ಹಣೆಯಲ್ಲಿ ಬೆವರೊಡೆಯಿತು.

"ಬೆಳಗ್ಗೆಯಿಂದ ಏರಿಸಿದೀನಿ ಅಕ್ಕ," ಎಂದ ತಲೆಯೆತ್ತದೆ. "ಬೆರಳು ಮಾತು ಕೇಳ್ತಿಲ್ಲ."

ಅವನ ಬಾಯಿಂದ ದಾಲ್ಚಿನ್ನಿ ಕಾಫಿಯ ವಾಸನೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಡೆಲ್ಫಿನಾ ಬಾಗಿ ತಾನೇ ಬಕಲ್ ಹಾಕಿಕೊಂಡಳು. ಅವನನ್ನು ತೋಳು ಹಿಡಿದೆಬ್ಬಿಸಿದಳು, ಎಬ್ಬಿಸಿದ ತೋಳನ್ನು ಬಿಡಲಿಲ್ಲ.

ಹನ್ನೆರಡಕ್ಕೆ ಹೆಣ ಹೊರಟಿತು. ಕಾರ್ಖಾನೆಗಳೆಲ್ಲ ಮುಚ್ಚಿದ್ದವು, ಕೇರಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಪೆಟ್ಟಿಗೆಯ ಹಿಂದೆ ಡೆಲ್ಫಿನಾ ನಡೆದಳು. ಒಂದು ಕಡೆ ನಬೋರ್, ಇನ್ನೊಂದು ಕಡೆ ಲಿಬ್ರಾದೋ. ಹದಿನೈದರ ಬೂಟು ಮೂವತ್ತಮೂರರ ಕಾಲನ್ನು ಹಿಂಡುತ್ತಿತ್ತು. ಉರುಟು ಕಲ್ಲಿನ ಮೇಲೆ ಎತ್ತರದ ಹಿಮ್ಮಡಿ ನಿಲ್ಲದೆ ಹೆಜ್ಜೆ ಹೆಜ್ಜೆಗೂ ವಾಲುತ್ತಿದ್ದಳು.

"ನಾಳೆ ಬೆಳಗ್ಗೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀಯ," ಎಂದಳು ಲಿಬ್ರಾದೋನ ಕಿವಿಯಲ್ಲಿ. "ಅಂಟು ಬಿಡ್ತೀಯ. ಬಿಟ್ಟ ಮೇಲೆ ಜಾಸ್ತಿ ಆಗುತ್ತೆ. ಎರಡು ಮೂರು ತಿಂಗಳು ಜಾಸ್ತಿ ಆಗ್ತಾನೇ ಹೋಗುತ್ತೆ. ಯಾರು ಏನೇ ಹೇಳಿದ್ರೂ ವಾಪಸ್ ಹೋಗ್ಬಾರ್ದು. ಕೇಳಿಸ್ತಾ?"

ಅವನು ಜೇಬಿನಿಂದ ಕೈ ತೆಗೆದು ಅವಳ ತೋಳನ್ನು ಹಿಡಿಯಲು ನೋಡಿದ. ಹಿಡಿತ ಸಿಗಲಿಲ್ಲ, ಮಣಿಕಟ್ಟಿನಿಂದ ತೋಳನ್ನು ಬಳಸಿಕೊಂಡ.

ಬಾಗಿಲಲ್ಲಿ ನಿಂತಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳಿದಳು: "ನೋಡೇ, ಬಿಳಿ ಬೂಟು ಬೇರೆ. ಮೂರೂ ಜನ ಕಂಠಮಟ್ಟ ಏರಿಸಿದಾರೆ. ನೂಲಿನ ಹಾಗೆ ಬಟ್ಟೆ, ಅಪ್ಪನ ಹಾಗೆ ಮಗಳು."

ಡೆಲ್ಫಿನಾ ಕೇಳಿಸಿಕೊಂಡಳು. ಪಟ್ ಎಂದು ನಬೋರನ ಪಾದ ಬಡಿಯಿತು. ಅವಳು ಇಬ್ಬರ ತೋಳನ್ನೂ ಇನ್ನಷ್ಟು ಬಿಗಿಹಿಡಿದು, ಮುಂದಿನ ಹೆಜ್ಜೆಯನ್ನು ಮಂಡಿ ಎತ್ತಿ, ನೀರಿನಲ್ಲಿ ಇಟ್ಟ ಹಾಗೆ ಇಟ್ಟಳು.